ಡೆಟ್ರಾಯಿಟ್‌ನ ಕನಸು, ಟ್ಯೂರಿನ್‌ನ ಸುತ್ತಿಗೆ

ಹೆದ್ದಾರಿಯಲ್ಲಿ ಹೋಗುವಾಗ ನೀವು ಒಂದು ವಿಚಿತ್ರ ವಾಹನವನ್ನು ನೋಡಿರಬಹುದು. ಎಂಜಿನ್ ಇದೆ, ಚಕ್ರಗಳಿವೆ, ಉದ್ದನೆಯ ಉಕ್ಕಿನ ಚೌಕಟ್ಟಿದೆ, ಆದರೆ ಮೈಯೇ ಇಲ್ಲ. ಚಾಲಕ ತಲೆಗೆ ವಸ್ತ್ರ ಸುತ್ತಿಕೊಂಡು ಬಿಸಿಲಲ್ಲೇ ಕೂತು ಓಡಿಸುತ್ತಿರುತ್ತಾನೆ. ಅದು ಕಾರ್ಖಾನೆಯಿಂದ ಹೊರಟ ಬಸ್ಸಿನ ಷಾಸಿ. ಅದಕ್ಕೆ ಬಾಡಿ ಕಟ್ಟುವವರು ಬೇರೆ ಊರಿನಲ್ಲಿರುತ್ತಾರೆ.

ಮೋಟಾರು ಯುಗದ ಮೊದಲ ದಿನಗಳಲ್ಲಿ ಬೆಲೆಬಾಳುವ ಕಾರುಗಳೂ ಹೀಗೆಯೇ ತಯಾರಾಗುತ್ತಿದ್ದವು. ಒಬ್ಬರು ಯಂತ್ರ ಮಾಡಿದರೆ ಮತ್ತೊಬ್ಬರು ಮೈ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಈ ಪದ್ಧತಿ ಬಹುಮಟ್ಟಿಗೆ ಅಳಿದುಹೋಗಿತ್ತು. ಅಲ್ಲಿ ಮನೆಯಷ್ಟು ಎತ್ತರದ ಒತ್ತುಯಂತ್ರಗಳು ಉಕ್ಕಿನ ಹಾಳೆಯನ್ನು ಒಂದೇ ಏಟಿಗೆ ಕಾರಿನ ಬಾಗಿಲಾಗಿಸುತ್ತಿದ್ದವು. ಇಟಲಿಯ ಟ್ಯೂರಿನ್ ನಗರದಲ್ಲಿ ಮಾತ್ರ ಹಳೆಯ ಕೈಕಸುಬು ಇನ್ನೂ ಜೀವಂತವಾಗಿತ್ತು. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುತ್ತೇವಲ್ಲ, ಅದೇ ಕೆಲಸವನ್ನು ಶಿಲ್ಪಕಲೆಯ ಮಟ್ಟಕ್ಕೆ ಏರಿಸಿದ ಜನ ಅಲ್ಲಿದ್ದರು. ದೊಡ್ಡ ಯಂತ್ರಗಳ ದೇಶವು ಸುತ್ತಿಗೆಯ ಊರಿನ ಬಾಗಿಲು ತಟ್ಟಿದ ಪ್ರಸಂಗವನ್ನೇ ನಾನು ನಿಮಗೆ ಹೇಳಹೊರಟಿದ್ದೇನೆ.

ಏಕೆ ತಟ್ಟಿತು? ಇದು ಲೆಕ್ಕದ ವಿಷಯ. ಒತ್ತುಯಂತ್ರಕ್ಕೆ ಬೇಕಾದ ಉಕ್ಕಿನ ಅಚ್ಚುಗಳನ್ನು ಮಾಡಿಸಲು ಅಪಾರ ಹಣ ಬೇಕು. ಆ ಹಣವನ್ನು ಲಕ್ಷಾಂತರ ಕಾರುಗಳ ಮೇಲೆ ಹಂಚಿದರೆ ಒಂದೊಂದಕ್ಕೆ ಬೀಳುವುದು ಅಲ್ಪ. ಆದರೆ ಒಂದೇ ಒಂದು ಕಾರು ಬೇಕೆಂದಾಗ ಇಡೀ ಅಚ್ಚಿನ ಖರ್ಚು ಅದರ ತಲೆಯ ಮೇಲೆಯೇ ಕೂರುತ್ತದೆ. ಕೈಕೆಲಸಕ್ಕೆ ಆ ತೊಂದರೆಯಿಲ್ಲ. ಮೊದಲ ಕಾರಿಗೂ ಹತ್ತನೆಯ ಕಾರಿಗೂ ಹೆಚ್ಚುಕಡಿಮೆ ಒಂದೇ ಖರ್ಚು. ಹೀಗಾಗಿ ಪ್ರದರ್ಶನಕ್ಕೆಂದು ಒಂದೇ ಒಂದು ಮಾಡುವ 'ಕನಸಿನ ಕಾರು'ಗಳಿಗೆ ಟ್ಯೂರಿನ್ ಸರಿಯಾದ ಜಾಗವಾಯಿತು. ಯುದ್ಧದಿಂದ ಜರ್ಜರಿತವಾಗಿದ್ದ ಇಟಲಿಯಲ್ಲಿ ಕೂಲಿ ಕಡಿಮೆ, ಡಾಲರಿಗೆ ಬೆಲೆ ಹೆಚ್ಚು ಎಂಬುದನ್ನೂ ಮರೆಯಬಾರದು.

ಅಲ್ಲಿನ ಹೆಸರಾಂತ ಸಂಸ್ಥೆಗಳಲ್ಲಿ ಗಿಯಾ ಒಂದು. ಅದರ ಕಾರ್ಖಾನೆ 1943ರ ಬಾಂಬ್ ದಾಳಿಯಲ್ಲಿ ನಾಶವಾಗಿತ್ತು. ಸ್ಥಾಪಕ ಜಚಿಂತೊ ಗಿಯಾ ಮರುವರ್ಷವೇ ತೀರಿಕೊಂಡಿದ್ದರು. ಉಳಿದವರು ಸಂಸ್ಥೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅತ್ತ ಅಮೆರಿಕದ ಕ್ರೈಸ್ಲರ್ ಕಂಪನಿಗೆ ಬೇರೆಯದೇ ಚಿಂತೆ. ಅದರ ಮುಖ್ಯಸ್ಥ ಕೆ.ಟಿ. ಕೆಲ್ಲರ್ ಅವರದು ಒಂದು ಪಟ್ಟು: ತಲೆಯ ಮೇಲಿನ ಹ್ಯಾಟು ತೆಗೆಯದೆ ಕೂರುವಷ್ಟು ಎತ್ತರ ಕಾರಿಗೆ ಇರಲೇಬೇಕು. ಕಾರುಗಳು ಗಟ್ಟಿಮುಟ್ಟಾಗಿದ್ದವು, ಆದರೆ ಪೆಟ್ಟಿಗೆಯ ಹಾಗೆ ಕಾಣುತ್ತಿದ್ದವು. 1949ರಲ್ಲಿ ಕೆಲಸಕ್ಕೆ ಸೇರಿದ ವರ್ಜಿಲ್ ಎಕ್ಸ್‌ನರ್ ಎಂಬ ವಿನ್ಯಾಸಕಾರರಿಗೆ ಇದನ್ನು ಬದಲಿಸುವ ಆಸೆ. ಗಿಯಾ ತನ್ನ ಕೈಚಳಕದ ಮಾದರಿಯಾಗಿ ಪ್ಲಿಮತ್ ಎಕ್ಸ್‌ಎಕ್ಸ್-500 ಎಂಬ ಕಾರನ್ನು ಕಟ್ಟಿ ಕಳುಹಿಸಿತು. ಅದರ ರೂಪ ಎಕ್ಸ್‌ನರ್ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕೆಲಸದ ನಾಜೂಕು, ಅದಕ್ಕಿಂತ ಹೆಚ್ಚಾಗಿ ಅದರ ಅಗ್ಗದ ಬೆಲೆ, ಬಹಳವಾಗಿ ಹಿಡಿಸಿತು.

ಅಲ್ಲಿಂದ ಮುಂದೆ ಚಿತ್ರಗಳೂ ಗಾರೆಯ ಚಿಕ್ಕ ಮಾದರಿಗಳೂ ಡೆಟ್ರಾಯಿಟ್‌ನಿಂದ ಟ್ಯೂರಿನ್ನಿಗೆ ಹೋಗತೊಡಗಿದವು. ಷಾಸಿ ಮತ್ತು ಎಂಜಿನ್ ಹಡಗಿನಲ್ಲಿ ಬರುತ್ತಿದ್ದವು. ಕುಶಲಕರ್ಮಿಗಳು ಮೊದಲು ಕಾರಿನ ಪೂರ್ಣ ಗಾತ್ರದ ಮರದ ಆಕೃತಿಯನ್ನು ಕಟ್ಟುತ್ತಿದ್ದರು. ತಗಡನ್ನು ತಟ್ಟಿ ತಟ್ಟಿ ಬಾಗಿಸಿ, ಆ ಮರದ ಮೇಲಿಟ್ಟು ನೋಡಿ, ಸಾಲದಿದ್ದರೆ ಮತ್ತೆ ತಟ್ಟಿ, ತುಂಡುಗಳನ್ನು ಬೆಸೆದು, ಅರದಿಂದ ಉಜ್ಜಿ ನಯಗೊಳಿಸುತ್ತಿದ್ದರು. ಈ ಕಾರುಗಳ ಚರಿತ್ರೆಯಲ್ಲಿ ವಿನ್ಯಾಸಕಾರರ ಹೆಸರುಗಳು ಢಾಳಾಗಿ ಕಾಣುತ್ತವೆ. ಸುತ್ತಿಗೆ ಹಿಡಿದವರ ಹೆಸರುಗಳು ಕಾಣುವುದು ಅಪರೂಪ.

1951ರಲ್ಲಿ ಬಂದ ಕೆ-310 ಈ ಜೋಡಿಯ ಮೊದಲ ದೊಡ್ಡ ಫಲ. 'ಕೆ' ಎಂದರೆ ಕೆಲ್ಲರ್. ಹ್ಯಾಟಿನ ಯಜಮಾನರ ಹೆಸರನ್ನೇ ತಗ್ಗಾದ ಕಾರಿಗೆ ಇಟ್ಟದ್ದು ಎಕ್ಸ್‌ನರ್ ಅವರ ಜಾಣತನವೆಂದು ನನಗನ್ನಿಸುತ್ತದೆ. 310 ಎಂಬುದು ಅಶ್ವಶಕ್ತಿ, ಆದರೆ ಜಾಹೀರಾತಿನ ಅಶ್ವಶಕ್ತಿ! ಆಗಿನ ಕ್ರೈಸ್ಲರ್ ಎಂಜಿನ್ನಿನ ಘೋಷಿತ ಶಕ್ತಿ 180 ಮಾತ್ರ. ಸಿ-200, ಡೆಲಿಗಾನ್ಸ್, ಡಿಸೋಟೊ ಅಡ್ವೆಂಚರರ್, ಡಾಜ್ ಫೈರ್ಆ್ಯರೋ ಒಂದರ ಹಿಂದೆ ಒಂದು ಬಂದವು. ಹೆಚ್ಚಿನವು ಮಾರಾಟಕ್ಕೆ ಬರಲಿಲ್ಲ. ಹಾಗಾದರೆ ಪ್ರಯೋಜನವೇನು ಎಂದು ನೀವು ಕೇಳಬಹುದು. ಜನ ಮುಗಿಬಿದ್ದು ನೋಡಿದರು, ಹೊಸ ರೂಪಕ್ಕೆ ಕಣ್ಣು ಹೊಂದಿಕೊಂಡಿತು. 1954ರಲ್ಲಿ ಕಂಪನಿಯ ಮಾರಾಟ ಕುಸಿಯಿತು. 1955ರಲ್ಲಿ ಎಕ್ಸ್‌ನರ್ ವಿನ್ಯಾಸದ ಕಾರುಗಳು ಬೀದಿಗಿಳಿದಾಗ ಅದು ಚೇತರಿಸಿಕೊಂಡಿತು.

ಇಲ್ಲಿ ನಮ್ಮ ನಾಡಿನದೂ ಒಂದು ಎಳೆಯಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು ಹಂಬಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. ಅವರಿಗೆ ಜೊತೆಯಾದ ವಾಲ್‌ಚಂದ್ ಹೀರಾಚಂದ್ ಒಪ್ಪಂದ ಮಾಡಿಕೊಂಡದ್ದು ಇದೇ ಕ್ರೈಸ್ಲರ್ ಜೊತೆಗೆ. ಮೈಸೂರು ಸಂಸ್ಥಾನಕ್ಕೆ ಬರಬಹುದಾಗಿದ್ದ ಕಾರ್ಖಾನೆ ಬ್ರಿಟಿಷ್ ಸರ್ಕಾರದ ಅಡ್ಡಿಯಿಂದ ತಪ್ಪಿಹೋಯಿತು. ಕೊನೆಗೆ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಡಾಜ್, ಪ್ಲಿಮತ್ ವಾಹನಗಳನ್ನು ಜೋಡಿಸಿತು. ಆಮೇಲೆ ಅದೇ ಕಂಪನಿ ಟ್ಯೂರಿನ್ನಿನ ಫಿಯೆಟ್ ಕಾರನ್ನು ತಯಾರಿಸಿತು. ನಿಮ್ಮ ತಂದೆ ತಾಯಿ ಓಡಾಡಿದ ಪದ್ಮಿನಿ ಕಾರು ಆ ವಂಶದ್ದೇ.

ಮತ್ತೆ ಟ್ಯೂರಿನ್ನಿಗೆ ಹೋಗೋಣ. ಎಲ್ಲಕ್ಕಿಂತ ಸಾಹಸದ ಕಾರು ನಾರ್ಸ್‌ಮನ್. ಸಾಮಾನ್ಯ ಕಾರಿನಲ್ಲಿ ಮುಂದಿನ ಗಾಜಿನ ಎಡಬಲಗಳಲ್ಲಿ ಕಂಬಗಳಿದ್ದು ಚಾವಣಿಯನ್ನು ಹೊರುತ್ತವೆ. ಅವು ಚಾಲಕನ ನೋಟಕ್ಕೆ ಅಡ್ಡವೂ ಹೌದು. ನಾರ್ಸ್‌ಮನ್‌ನಲ್ಲಿ ಆ ಕಂಬಗಳೇ ಇಲ್ಲ! ಮನೆಯ ಕಿಟಕಿಯ ಮೇಲಿನ ಸಜ್ಜಾ ನೋಡಿ. ಅದು ಗೋಡೆಯೊಂದರಿಂದಲೇ ಹೊರಚಾಚಿ ನಿಂತಿರುತ್ತದೆ. ಹಾಗೆಯೇ ಈ ಕಾರಿನ ಚಾವಣಿ ಹಿಂಭಾಗದಿಂದ ಮುಂದಕ್ಕೆ ಚಾಚಿತ್ತು. ಮುಂದೆ ಇದ್ದದ್ದು ಅರ್ಧ ಅಂಗುಲಕ್ಕಿಂತಲೂ ತೆಳುವಾದ ಉಕ್ಕಿನ ಸರಳುಗಳು. ಅವು ಚಾವಣಿಯನ್ನು ಎತ್ತಿ ಹಿಡಿಯಲು ಅಲ್ಲ, ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿಯಲು. ತೆಳುವಾದ ಸರಳನ್ನು ಒತ್ತಿದರೆ ಬಾಗಿಬಿಡುತ್ತದೆ. ಎಳೆದರೆ ಅದರ ಬಲ ಬಹಳ. ಸೈಕಲ್ ಚಕ್ರದ ಕಡ್ಡಿಗಳು ನಿಮ್ಮ ಭಾರ ತಡೆಯುವುದರ ಗುಟ್ಟೂ ಇದೇ.

ವರ್ಷಕ್ಕೂ ಮೀರಿ ದುಡಿದು ಕಟ್ಟಿದ ಈ ಕಾರನ್ನು 1956ರ ಜುಲೈನಲ್ಲಿ ಜಿನೋವಾದಿಂದ ನ್ಯೂಯಾರ್ಕಿಗೆ ಹೊರಟ ಆಂಡ್ರಿಯಾ ಡೋರಿಯಾ ಹಡಗಿಗೆ ಏರಿಸಿದರು. ಜುಲೈ 25ರ ರಾತ್ರಿ, ಅಮೆರಿಕದ ನಾಂಟಕೆಟ್ ದ್ವೀಪದ ಬಳಿ, ಮಂಜಿನಲ್ಲಿ ಸ್ಟಾಕ್‌ಹೋಮ್ ಎಂಬ ಸ್ವೀಡನ್ನಿನ ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ಎರಡೂ ಹಡಗುಗಳಲ್ಲಿ ರೇಡಾರ್ ಇತ್ತು. ತೆರೆಯ ಮೇಲೆ ಎರಡೂ ಒಂದನ್ನೊಂದು ಕಂಡಿದ್ದವು. ಆದರೂ ಒಬ್ಬರ ದಾರಿಯನ್ನು ಮತ್ತೊಬ್ಬರು ತಪ್ಪಾಗಿ ಊಹಿಸಿದರು. 51 ಮಂದಿ ಸತ್ತರು. ಬೇರೆ ಹಡಗುಗಳು ಧಾವಿಸಿ ಬಂದದ್ದರಿಂದ 1,600ಕ್ಕೂ ಹೆಚ್ಚು ಜನ ಬದುಕಿದರು. ಮರುದಿನ ಬೆಳಿಗ್ಗೆ ಹಡಗು ಮುಳುಗಿತು. ಅಷ್ಟು ಜೀವಗಳ ಮುಂದೆ ಕಾರಿನದು ದೊಡ್ಡ ನಷ್ಟವೆನ್ನಲಾಗದು. ಆದರೆ ನಾರ್ಸ್‌ಮನ್ ಡೆಟ್ರಾಯಿಟ್ ತಲುಪಲೇ ಇಲ್ಲ. ಆ ಚಾವಣಿಯ ಉಪಾಯವನ್ನು ರಸ್ತೆಯಲ್ಲಿ ಪರೀಕ್ಷಿಸುವ ಅವಕಾಶವೂ ಅದರೊಂದಿಗೆ ಮುಳುಗಿತು. ಇಂದು ಉಳಿದಿರುವುದು ಕೆಲವು ಛಾಯಾಚಿತ್ರಗಳು.

ಗಿಯಾ ಕಟ್ಟಿದ ಇನ್ನೊಂದು ಕಾರಿನ ಅದೃಷ್ಟ ಬೇರೆಯಾಗಿತ್ತು. ಫೋರ್ಡ್ ಕಂಪನಿಯ ಲಿಂಕನ್ ವಿಭಾಗಕ್ಕಾಗಿ ಮಾಡಿದ, ಎರಡು ಪಾರದರ್ಶಕ ಗುಮ್ಮಟಗಳ ಫ್ಯೂಚುರಾ 1955ರಲ್ಲಿ ಪ್ರದರ್ಶನಗೊಂಡಿತು. ಹಲವು ವರ್ಷ ಮೂಲೆಯಲ್ಲಿದ್ದ ಅದನ್ನು ಜಾರ್ಜ್ ಬ್ಯಾರಿಸ್ ಎಂಬ ಕಾರು ಪರಿವರ್ತಕರು ಕೊಂಡು, 1966ರ ಟೆಲಿವಿಷನ್ ಧಾರಾವಾಹಿಗಾಗಿ ಬ್ಯಾಟ್‌ಮನ್‌ನ ಕಾರನ್ನಾಗಿ ಮಾಡಿದರು. 2013ರಲ್ಲಿ ಅದು 40 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಟೆಲಿವಿಷನ್ನಿನಲ್ಲೇ ದುಡಿಯುವ ನನಗೆ ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯಾದರೆ ನೀವು ಕ್ಷಮಿಸಬೇಕು.

ಈ ಸಹಕಾರದ ಕೊನೆಯ ದೊಡ್ಡ ಅಧ್ಯಾಯ ಕ್ರೈಸ್ಲರ್ ಟರ್ಬೈನ್ ಕಾರು. ಇದು ಬರಿಯ ಪ್ರದರ್ಶನದ ವಸ್ತುವಲ್ಲ. ಪಿಸ್ಟನ್ನುಗಳ ಬದಲು, ವಿಮಾನದ ಜೆಟ್ ಎಂಜಿನ್ನಿನಂತೆ, ಬಿಸಿ ಅನಿಲದಿಂದ ತಿರುಗುವ ಚಕ್ರ ಇದರಲ್ಲಿತ್ತು. ವೇಗ ನಿಮಿಷಕ್ಕೆ 44,000 ಸುತ್ತುಗಳನ್ನು ದಾಟುತ್ತಿತ್ತು. ಡೀಸೆಲ್ ಆಗಲಿ, ಸೀಮೆಎಣ್ಣೆಯಾಗಲಿ, ಅದಕ್ಕೆ ನಡೆಯುತ್ತಿತ್ತು. ಎಲ್ಲೆಡೆ ಸಿಗುತ್ತಿದ್ದ ಸೀಸ ಬೆರೆತ ಪೆಟ್ರೋಲು ಮಾತ್ರ ಆಗಿಬರುತ್ತಿರಲಿಲ್ಲ. ಗಿಯಾ 55 ಕಾರುಗಳಿಗೆ ಮೈ ಕಟ್ಟಿತು. ಅವುಗಳಲ್ಲಿ 50ನ್ನು 1963ರಿಂದ 1966ರವರೆಗೆ 203 ಸಾಮಾನ್ಯ ಬಳಕೆದಾರರಿಗೆ ಮೂರು ಮೂರು ತಿಂಗಳು ಬಿಟ್ಟಿಯಾಗಿ ಓಡಿಸಲು ಕೊಟ್ಟರು. ಸದ್ದು ವಿಚಿತ್ರ, ಅದುರುವಿಕೆ ಇಲ್ಲವೇ ಇಲ್ಲ. ಆದರೆ ಪೆಡಲು ಒತ್ತಿದ ಮೇಲೆ ಕಾರು ಏಳಲು ಒಂದು ಕ್ಷಣ ತಡ, ಇಂಧನದ ಖರ್ಚೂ ಹೆಚ್ಚು. ಪ್ರಯೋಗ ಮುಗಿದ ಮೇಲೆ ಕ್ರೈಸ್ಲರ್ 46 ಕಾರುಗಳನ್ನು ನಾಶಮಾಡಿತು. ಉಳಿದದ್ದು ಒಂಬತ್ತು. ಇಟಲಿಯಿಂದ ಬಂದ ಮೈಗಳಿಗೆ ಆಮದು ಸುಂಕ ಕಟ್ಟಬೇಕಾಗುತ್ತಿತ್ತು ಎಂಬುದು ಜನಜನಿತವಾದ ಕಾರಣ. ಜನರ ಕೈಯಲ್ಲಿ ಕೆಟ್ಟು ನಿಂತರೆ ಹೆಸರು ಕೆಡುತ್ತದೆಂಬ ಭಯವೂ ಇತ್ತೆನ್ನುತ್ತಾರೆ. ನನಗೆ ಎರಡನೆಯದೇ ಹೆಚ್ಚು ನಂಬುವಂತೆ ಕಾಣುತ್ತದೆ.

ಗಿಯಾವನ್ನು ಮುನ್ನಡೆಸಿ ಅಮೆರಿಕದ ನಂಟು ಬೆಳೆಸಿದ ಲುಯಿಜಿ ಸೆಗ್ರೆ 1963ರಲ್ಲಿ ತೀರಿಕೊಂಡರು. ಸಂಸ್ಥೆ ಕೈಯಿಂದ ಕೈಗೆ ದಾಟಿ 1970ರಲ್ಲಿ ಫೋರ್ಡ್ ಪಾಲಾಯಿತು. ಮುಂದೆ ಹಲವು ವರ್ಷ ಯೂರೋಪಿನ ರಸ್ತೆಗಳಲ್ಲಿ, ಒತ್ತುಯಂತ್ರದಲ್ಲಿ ಲಕ್ಷಗಟ್ಟಲೆ ತಯಾರಾದ ಫೋರ್ಡ್ ಕಾರುಗಳ ಬೆನ್ನಿನ ಮೇಲೆ 'ಗಿಯಾ' ಎಂಬ ಪುಟ್ಟ ಲೋಹದ ಪಟ್ಟಿ ಅಂಟಿಕೊಂಡಿರುತ್ತಿತ್ತು.