ಹೊಗೆಯಿಲ್ಲದ ರೈಲಿನ ಹೊಗೆ ಲೆಕ್ಕ

ಬೆಂಗಳೂರಿನ ನಮ್ಮ ಮೆಟ್ರೋ ರೈಲಿಗೆ ಹೊಗೆಕೊಳವೆ ಇಲ್ಲ. ಆ ಕೊಳವೆ ಇರುವುದು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ, ಕರಾವಳಿಗೆ ಬಂದರೆ ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ. ನವಮಂಗಳೂರು ಬಂದರಿಗೆ ಬಂದಿಳಿಯುವ ವಿದೇಶಿ ಕಲ್ಲಿದ್ದಲು ಎಲ್ಲೂರಿನ 1,200 ಮೆಗಾವಾಟ್ ಸ್ಥಾವರದಲ್ಲಿ ಉರಿದು, ವಿದ್ಯುತ್ತಾಗಿ ಗ್ರಿಡ್ ಸೇರುತ್ತದೆ. ಅದೇ ಗ್ರಿಡ್ಡಿನ ಕರೆಂಟಿನಲ್ಲಿ ನಮ್ಮ ಸುಳ್ಯದ ಅಜ್ಜಾವರದ ಅಡಿಕೆ ತೋಟದ ಪಂಪೂ ಓಡುತ್ತದೆ, ಮೆಜೆಸ್ಟಿಕ್ಕಿನ ನೆಲದಡಿಯ ರೈಲೂ ಓಡುತ್ತದೆ. ಓದು, ಕೆಲಸ ಎಂದು ಸುಳ್ಯ ಕಡೆಯಿಂದ ಬೆಂಗಳೂರು ಸೇರಿದ ಮಕ್ಕಳು ದಿನಾ ಹತ್ತುವ ಈ ರೈಲು ಪರಿಸರಸ್ನೇಹಿ ಎನ್ನುವ ಮಾತು ಎಷ್ಟರ ಮಟ್ಟಿಗೆ ನಿಜ?

ಬಹುಮಟ್ಟಿಗೆ ನಿಜವೇ. ಆದರೆ ಆ ನಿಜಕ್ಕೆ ರೈಲಿನ ಮೋಟರಿಗಿಂತ ಹೆಚ್ಚಾಗಿ ಒಳಗೆ ನಿಂತ ಜನ ಕಾರಣ.

ಮೊದಲು ಯಂತ್ರದ ಮಾತು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆ, ರಬ್ಬರ್ ಟಯರು ಡಾಮರಿನ ಮೇಲೆ ಉರುಳುವಾಗಿನ ತಡೆಯ ಹತ್ತನೇ ಒಂದು ಪಾಲಿನಷ್ಟೇ. ಟಯರು ಪ್ರತಿ ಸುತ್ತಿಗೂ ನೆಲ ಮುಟ್ಟಿದಲ್ಲಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಆ ಕೆಲಸದಲ್ಲೇ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಉಕ್ಕು ಹಾಗೆ ಕುಗ್ಗುವುದಿಲ್ಲ. ಎರಡನೆಯ ಅನುಕೂಲ ಬ್ರೇಕಿನದು. ನಿಲ್ದಾಣ ಹತ್ತಿರವಾದಾಗ ರೈಲಿನ ಮೋಟರು ಉಲ್ಟಾ ಕೆಲಸ ಮಾಡಿ ಜನರೇಟರ್ ಆಗುತ್ತದೆ. ಗಾಲಿಯ ಓಟವೇ ವಿದ್ಯುತ್ತಾಗಿ ವಾಪಸು ಬರುತ್ತದೆ. ನಮ್ಮ ಮೆಟ್ರೋ ರೈಲು ಕರೆಂಟು ತೆಗೆದುಕೊಳ್ಳುವುದು ಹಳಿಯ ಪಕ್ಕದಲ್ಲೇ ಹಾಸಿರುವ, 750 ವೋಲ್ಟ್ ನೇರ ವಿದ್ಯುತ್ ಹರಿಯುವ ಮೂರನೇ ಹಳಿಯಿಂದ. ಬ್ರೇಕಿನಿಂದ ಹುಟ್ಟಿದ ಕರೆಂಟು ಆ ಹಳಿಗೇ ಮರಳುತ್ತದೆ. ಆಗ ಹತ್ತಿರದಲ್ಲಿ ಇನ್ನೊಂದು ರೈಲು ಹೊರಡುತ್ತಿದ್ದರೆ ಅದು ಎಳೆದುಕೊಳ್ಳುತ್ತದೆ. ಯಾರೂ ಎಳೆದುಕೊಳ್ಳದಿದ್ದರೆ ಆ ಉಳಿತಾಯದ ಬಹುಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಐದು ನಿಮಿಷಕ್ಕೊಂದು ರೈಲು ಓಡುವ ಮಾರ್ಗದಲ್ಲಿ ಬ್ರೇಕಿನ ಕರೆಂಟು ಚೆನ್ನಾಗಿ ಬಳಕೆಯಾಗುತ್ತದೆ, ಅರ್ಧ ಗಂಟೆಗೊಂದು ಓಡುವಲ್ಲಿ ಆಗುವುದಿಲ್ಲ. ದೆಹಲಿ ಮೆಟ್ರೋ ಇದೇ ಬ್ರೇಕ್ ತಂತ್ರದ ಉಳಿತಾಯವನ್ನು ಲೆಕ್ಕಹಾಕಿ ತೋರಿಸಿ, ವಿಶ್ವಸಂಸ್ಥೆಯ ವ್ಯವಸ್ಥೆಯಡಿ ಕಾರ್ಬನ್ ಕ್ರೆಡಿಟ್ ಪಡೆದಿದೆ.

ಈಗ ಲೆಕ್ಕಕ್ಕೆ ಬರೋಣ. ಆರು ಬೋಗಿಯ ಮೆಟ್ರೋ ರೈಲು ಒಂದು ಕಿಲೋಮೀಟರ್ ಓಡಲು, ನಿಲ್ದಾಣದ ಎಸ್ಕಲೇಟರು, ದೀಪ, ಸುರಂಗದ ಗಾಳಿ ವ್ಯವಸ್ಥೆಯ ಪಾಲನ್ನೂ ಸೇರಿಸಿ, 20 ಯೂನಿಟ್ ಬೇಕು ಎಂದಿಟ್ಟುಕೊಳ್ಳಿ. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.72 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಕಿಲೋಮೀಟರಿಗೆ 14 ಕಿಲೋಗಿಂತ ತುಸು ಹೆಚ್ಚು. ರೈಲಿನಲ್ಲಿ 1,000 ಜನ ಇದ್ದರೆ ತಲೆಗೆ 14 ಗ್ರಾಂ. 300 ಜನ ಇದ್ದರೆ 48 ಗ್ರಾಂ. 100 ಜನ ಮಾತ್ರ ಇದ್ದರೆ 144 ಗ್ರಾಂ.

ಪಕ್ಕದಲ್ಲಿ ರಸ್ತೆಯ ವಾಹನಗಳನ್ನು ಇಟ್ಟು ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 50 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ 46 ಗ್ರಾಂ. ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಕೂತರೆ 153 ಗ್ರಾಂ. ಲೀಟರಿಗೆ 4 ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿನಲ್ಲಿ 50 ಜನ ಇದ್ದರೆ ತಲೆಗೆ 13 ಗ್ರಾಂ! ಸುಳ್ಯದ ಸರ್ವಿಸ್ ಜೀಪಿನಲ್ಲಿ ಹತ್ತು ಜನ ಒತ್ತಿಕೊಂಡು ಕೂತು, ಅದು ಲೀಟರಿಗೆ 12 ಕೊಟ್ಟರೂ ತಲೆಗೆ 22 ಗ್ರಾಂ ಆಗುತ್ತದೆ. 300 ಜನರಷ್ಟೇ ಇರುವ ಹವಾನಿಯಂತ್ರಿತ ರೈಲಿಗಿಂತ ನಮ್ಮ ಹಳೇ ಜೀಪು ಇಂಗಾಲದ ಲೆಕ್ಕದಲ್ಲಿ ಹಿಂದೆ ಬೀಳುವುದಿಲ್ಲ. ವಾಹನದ ಹೊಗೆಯ ಮಸಿ, ಉಸಿರಾಟದ ತೊಂದರೆಗಳ ವಿಚಾರ ಬೇರೆ. ಅಲ್ಲಿ ರೈಲಿನದ್ದೇ ಗೆಲುವು, ಆದರೆ ಆ ಗೆಲುವಿನ ಬೂದಿ ಶಕ್ತಿನಗರದ ಜನರ ಪಾಲಿಗೆ ಹೋಗುತ್ತದೆ.

ಸೌರವಿದ್ಯುತ್ತು ಇದೆಯಲ್ಲ ಎನ್ನಬಹುದು. ಇದೆ, ಪಾವಗಡದ ಸೌರ ಪಾರ್ಕು ಒಂದೇ 2,050 ಮೆಗಾವಾಟಿನದು. ಮಧ್ಯಾಹ್ನದ ಹೊತ್ತು ಅದು ರಾಜ್ಯಕ್ಕೆ ದೊಡ್ಡ ಆಸರೆ. ಆದರೆ ಮೆಟ್ರೋದಲ್ಲಿ ಕಾಲಿಡಲು ಜಾಗವಿಲ್ಲದಂತಾಗುವುದು ಸಂಜೆ ಆರರ ಮೇಲೆ, ಸೂರ್ಯ ಮುಳುಗಿದ ನಂತರ. ಆಗ ಆಸರೆ ಶರಾವತಿಯ ನೀರು, ಕೈಗಾದ ಅಣುಶಕ್ತಿ, ಮತ್ತೆ ಕಲ್ಲಿದ್ದಲು. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ತಳ ಕಂಡರೆ ಕಲ್ಲಿದ್ದಲಿನ ಪಾಲು ಏರುತ್ತದೆ. ಒಂದು ಸಮಾಧಾನವಿದೆ: ಇಂದು ಕೊಂಡ ಪೆಟ್ರೋಲ್ ಸ್ಕೂಟರು ಹತ್ತು ವರ್ಷ ಕಳೆದರೂ ಪೆಟ್ರೋಲನ್ನೇ ಉರಿಸುತ್ತದೆ, ಗ್ರಿಡ್ ಶುದ್ಧವಾದ ಹಾಗೆ ಹಳೆಯ ರೈಲೂ ತಾನಾಗಿ ಶುದ್ಧವಾಗುತ್ತದೆ.

ಕಟ್ಟುವ ಖರ್ಚನ್ನೂ ಬಿಡುವಂತಿಲ್ಲ. ಸಿಮೆಂಟು, ಉಕ್ಕು ಎರಡೂ ಇಂಗಾಲದ ಭಾರ ಹೊತ್ತೇ ಬರುವ ಸಾಮಗ್ರಿಗಳು, ಸುರಂಗಕ್ಕೆ ಅವು ಇನ್ನೂ ಹೆಚ್ಚು ಬೇಕು. 2009ರಲ್ಲಿ ಜಯನಗರದ ನಂದಾ ರಸ್ತೆಯ ಮರಗಳಿಗೆ, ಲಾಲ್‌ಬಾಗಿನ ಅಂಚಿಗೆ ಕೊಡಲಿ ಬಿದ್ದಾಗ ಬೆಂಗಳೂರಿಗರು ಬೀದಿಗಿಳಿದದ್ದು ನ್ಯಾಯವಾಗಿಯೇ ಇತ್ತು. ಕಟ್ಟುವಾಗ ಹೊತ್ತ ಈ ಸಾಲ ತೀರುವುದು ದಶಕಗಳ ಕಾಲ ರೈಲು ತುಂಬಿ ಓಡಿದರೆ ಮಾತ್ರ.

ಆದ್ದರಿಂದಲೇ ಟಿಕೆಟ್ ದರ ನನಗೆ ಪರಿಸರದ ಪ್ರಶ್ನೆಯಾಗಿ ಕಾಣುತ್ತದೆ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಪ್ರಯಾಣಿಕರ ಸಂಖ್ಯೆ ಇಳಿಯಿತು. ಇಳಿದವರು ಸ್ಕೂಟರ್ ಹತ್ತಿದರೆ ಎರಡು ಕಡೆ ನಷ್ಟ: ರಸ್ತೆಯಲ್ಲಿ ಹೊಗೆ ಹೆಚ್ಚಿತು, ರೈಲಿನಲ್ಲಿ ಉಳಿದವರ ತಲೆಲೆಕ್ಕವೂ ಏರಿತು. ಅದೇ ವರ್ಷದ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಕಾಯಬೇಕಾದರೆ ಎಷ್ಟೋ ಮಂದಿ ಸ್ಕೂಟರಿನ ಕೀ ಕೈಗೆತ್ತಿಕೊಳ್ಳುತ್ತಾರೆ. ಬಸ್ಸಿನಿಂದ ಮೆಟ್ರೋಗೆ ಬಂದವರಿಂದಲೂ ಇಂಗಾಲ ಹೆಚ್ಚೇನೂ ಉಳಿಯದು. ನಿಜವಾದ ಉಳಿತಾಯ ಒಬ್ಬರೇ ಕೂತ ಕಾರು ಮನೆಯಲ್ಲೇ ಉಳಿದಾಗ.

ನಮ್ಮ ಊರಿಗೂ ಇದೇ ಲೆಕ್ಕ. ಸುಳ್ಯದ ಮೇಲೆ ಹಾದುಹೋಗಬೇಕೆಂದಿರುವ ಕಾಞಂಗಾಡ್–ಪಾಣತ್ತೂರು–ಕಾಣಿಯೂರು ರೈಲು ಮಾರ್ಗದ ಬೇಡಿಕೆ ಹಳೆಯದು. ಬಂದರೆ ಸಂತೋಷ, ಆದರೆ ಗುಡ್ಡ, ಕಾಡು ಕಡಿದು ಹಾಕಿದ ಹಳಿಯಲ್ಲಿ ದಿನಕ್ಕೆರಡು ಖಾಲಿ ಬೋಗಿ ಓಡಿದರೆ ಪರಿಸರಕ್ಕೆ ನಷ್ಟವೇ. ಅಷ್ಟರೊಳಗೆ ಮಾಡಬಹುದಾದ್ದು ಕೈಗೆಟಕುವಷ್ಟು ಹತ್ತಿರವಿದೆ. 2023ರ ಜೂನಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸುಗಳು ಹೇಗೆ ತುಂಬಿ ಓಡುತ್ತಿವೆ ಎಂಬುದನ್ನು ನಾವೇ ಕಂಡಿದ್ದೇವೆ. ಸುಳ್ಯದಿಂದ ಅಜ್ಜಾವರ, ಮಂಡೆಕೋಲು ಕಡೆಗೆ ಕತ್ತಲಾದ ಮೇಲೂ ಬಸ್ಸು ಸಿಗುವಂತಾಗಲಿ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ಕಬಕ ಪುತ್ತೂರಿಗೂ ರೈಲಿನ ಹೊತ್ತಿಗೆ ಸರಿಯಾಗಿ ಬಸ್ಸು ಮುಟ್ಟಲಿ. ಹಾಗಾದರೆ ರೈಲು ಹಿಡಿಯಲು ಮನೆಯಿಂದ ಕಾರು ತೆಗೆಯುವ ಅಗತ್ಯವೇ ಬೀಳುವುದಿಲ್ಲ.