ರಾತ್ರಿಯ ಕೆಂಡ, ಬೆಳಗಿನ ತಿಂಡಿ

ಪೇಟೆಯ ಮನೆಗಳಲ್ಲಿ ಬೆಳಗಾಗುತ್ತಲೇ ಹೊರಕ್ಕೆ ಹೋಗುವ ಪದಾರ್ಥಗಳಲ್ಲಿ ಮೊನ್ನೆಯ ಬ್ರೆಡ್ಡೂ ಸಿಪ್ಪೆ ಕಪ್ಪಾದ ಬಾಳೆಹಣ್ಣೂ ಮುಖ್ಯವಾದವು. ಇವೆರಡನ್ನೂ ಹಾಲು ಮೊಟ್ಟೆಗಳಲ್ಲಿ ನೆನೆಸಿ, ಒಲೆಪೆಟ್ಟಿಗೆಯಲ್ಲಿ ಬೇಯಿಸಿ ತಿನ್ನುವ ಕ್ರಮ ಪಾಶ್ಚಾತ್ಯರಲ್ಲಿ ಬಹುಕಾಲದಿಂದ ಇದೆ. ನಮ್ಮಲ್ಲಿ ಅನೇಕರು ಅದಕ್ಕೆ ಕೈಹಾಕದಿರುವುದು ಮೊಟ್ಟೆಯ ದೆಸೆಯಿಂದ. ಮೊಟ್ಟೆಯನ್ನು ಬಿಟ್ಟು ಮಾಡಿದರೋ, ತಿಂಡಿ ಗಟ್ಟಿಗೊಳ್ಳದೆ ಮುದ್ದೆಯಾಗಿ ಕುಳಿತುಬಿಡುತ್ತದೆ. ಈ ತೊಡಕಿಗೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಪುವನ್ನು ದಾಟಿದ ಮೇಲೆ ಉಚ್ಚಿಲ ಸಿಕ್ಕುತ್ತದೆ. ಆ ಸೀಮೆಯ, ಒಟ್ಟಿನಲ್ಲಿ ತುಳುನಾಡಿನ, ಹಳೆಯ ಅಡುಗೆಗಳಲ್ಲಿ ಗೆಂಡದಡ್ಯೆ ಎಂಬುದೊಂದು. ತುಳುವಿನಲ್ಲಿ ಗೆಂಡವೆಂದರೆ ಕೆಂಡ. ಅಡ್ಯೆಯೆಂದರೆ ಅಕ್ಕಿಹಿಟ್ಟಿನ ಕಡುಬಿನಂಥ ತಿಂಡಿ. ನೆನೆದ ಬೆಳ್ತಿಗೆ ಅಕ್ಕಿಯನ್ನು ತೆಂಗಿನಕಾಯಿ, ಬೆಲ್ಲ, ಹಲಸಿನ ಹಣ್ಣು ಅಥವಾ ಹಣ್ಣುಸೌತೆಯೊಡನೆ ರುಬ್ಬಿ, ಬಾಡಿಸಿದ ಬಾಳೆಯೆಲೆ ಹಾಸಿದ ಪಾತ್ರೆಗೆ ಹೊಯ್ಯುತ್ತಾರೆ. ಮೇಲೊಂದು ಎಲೆ, ಅದರ ಮೇಲೆ ಮುಚ್ಚಳ. ರಾತ್ರಿಯ ಅಡುಗೆ ಮುಗಿದ ಒಲೆಯಲ್ಲಿ ಗೆರಟೆಯ ಕೆಂಡವನ್ನು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಹರಡಿ ಮಲಗುವುದು. ಬೆಳಗಾಗುವಷ್ಟರಲ್ಲಿ ಕೆಂಡ ಬೂದಿಯಾಗಿರುತ್ತದೆ, ತಿಂಡಿ ಅಂಚಿನಲ್ಲಿ ಕೆಂಪಾಗಿ ಬೆಂದಿರುತ್ತದೆ. ಹವ್ಯಕರ ಮನೆಗಳಲ್ಲಿ ಇದರ ಒಡಹುಟ್ಟಿಗೆ ಕೆಂಡತ್ತಡ್ಯವೆಂದು ಹೆಸರು. ಎರಡು ಕಡೆಯ ಕಾವು ಎಂಬುದು ಒಲೆಪೆಟ್ಟಿಗೆಯ ತತ್ತ್ವವೇ ಅಲ್ಲವೆ?

ಇಲ್ಲಿ ಮೊಟ್ಟೆಯ ಕೆಲಸವನ್ನು ಮಾಡಿದುದು ಅಕ್ಕಿಯ ಪಿಷ್ಟ. ನೀರಿನೊಡನೆ ಕಾದಾಗ ಅದು ಉಬ್ಬಿ, ಆರಿದಾಗ ಬಿಗಿಯುತ್ತದೆ. ಬ್ರೆಡ್ಡಿನಲ್ಲಿಯೂ ಪಿಷ್ಟವುಂಟು, ಆದರೆ ಅದು ಒಮ್ಮೆ ಬೆಂದು ಮುಗಿದದ್ದು. ಹಳೆಯ ಬ್ರೆಡ್ಡು ಬಿರುಸಾಗುವುದು ಬರಿಯ ಒಣಗುವಿಕೆಯಿಂದಲ್ಲವೆಂದು ಫ್ರಾನ್ಸಿನ ಬೂಸ್ಸಿಂಗೋ 1852ರಲ್ಲಿಯೇ ತೋರಿಸಿದನು. ತೇವವು ಹೊರಹೋಗದಂತೆ ಇಟ್ಟರೂ ಅದು ಬಿರುಸಾಗುತ್ತದೆ. ಒಳಗಿನ ಪಿಷ್ಟವೇ ಮರಳಿ ಹರಳುಗಟ್ಟುವುದು ಅದಕ್ಕೆ ಕಾರಣ. ಆದುದರಿಂದಲೇ ಹಳೆಯ ಬ್ರೆಡ್ಡು ನೆನೆದರೂ ಆಕಾರ ಬಿಡದು, ಹೊಸದು ಕರಗಿಹೋಗುತ್ತದೆ. ಬೂಸಲು ಕಂಡ ಬ್ರೆಡ್ಡನ್ನು ಮಾತ್ರ ಆ ಭಾಗವನ್ನಷ್ಟೇ ಕಿತ್ತು ಬಳಸಬಾರದು. ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ. ಅಂಥದನ್ನು ಪೂರ್ತಿ ಎಸೆಯುವುದೇ ಮಿತವ್ಯಯ.

ಇನ್ನು ಮಾಡುವ ಬಗೆ. ಅರ್ಧ ಲೀಟರು ಕಾಯಿಹಾಲಿಗೆ ನಾಲ್ಕು ದೊಡ್ಡ ಚಮಚೆ ಅಕ್ಕಿಹಿಟ್ಟು, ನೂರು ಗ್ರಾಮಿನಷ್ಟು ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ. ಹಸುವಿನ ಹಾಲನ್ನು ಬೆಲ್ಲದೊಡನೆ ಕುದಿಸಿದರೆ ಒಡೆಯುವ ಭಯವುಂಟು, ಅದಕ್ಕಾಗಿಯೇ ಕಾಯಿಹಾಲು. ಹಿಟ್ಟನ್ನು ಹಸಿಯಾಗಿಯೇ ಬಿಟ್ಟರೆ ರಾತ್ರಿಯಲ್ಲಿ ತಳಕ್ಕಿಳಿದು ಕೂರುತ್ತದೆ. ಆದಕಾರಣ ಮಿಶ್ರಣವನ್ನು ಸಣ್ಣ ಉರಿಯಲ್ಲಿ ತೆಳು ಗಂಜಿಯ ಹದಕ್ಕೆ ಕಾಯಿಸಿ, ಆರಿಸಿಕೊಳ್ಳಬೇಕು. ಎಂಟು ತುಂಡು ಬ್ರೆಡ್ಡನ್ನು ಮುರಿದು, ಮೂರು ಬಾಳೆಹಣ್ಣಿನ ಬಿಲ್ಲೆಗಳೊಡನೆ ಬಾಳೆಯೆಲೆ ಹಾಸಿದ ತಟ್ಟೆಯಲ್ಲಿ ಹರಡಿ, ಗಂಜಿಯನ್ನು ಹೊಯ್ದು, ಮುಚ್ಚಿ, ಫ್ರಿಜ್ಜಿನಲ್ಲಿಡಿ. ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟ ಕಾಯಿಹಾಲು ಬೆಳಗಿನವರೆಗೆ ನಿಲ್ಲದು. ಹಲಸಿನ ಕಾಲದಲ್ಲಿ ಬಾಳೆಗೆ ಬದಲು ಹಲಸಿನ ತೊಳೆ ಹೆಚ್ಚಿ ಹಾಕಿದರೆ ಉಚ್ಚಿಲದವರು ಒಪ್ಪಬಹುದೆಂದು ನನ್ನ ಭರವಸೆ.

ಬೆಳಿಗ್ಗೆ 180 ಡಿಗ್ರಿ ಕಾವಿನಲ್ಲಿ ಮುಕ್ಕಾಲು ಗಂಟೆ; ಮೇಲ್ಭಾಗ ಕೆಂಪಾಗಬೇಕು, ನಡುವೆ ಚುಚ್ಚಿದ ಕಡ್ಡಿ ಹಸಿಯಾಗಿ ಬರಬಾರದು. ಇಳಿಸಿದ ಮೇಲೆ ಕಾಲು ಗಂಟೆಯಾದರೂ ಆರಲು ಬಿಡತಕ್ಕದ್ದು. ಬಿಸಿಯಲ್ಲಿಯೇ ಚಾಕು ಹಾಕುವ ಅವಸರಗಾರರಿಗೆ ಹೋಳು ಸಿಕ್ಕುವುದಿಲ್ಲ. ಅವರು ಚಮಚೆಯಿಂದಲೇ ಬಡಿಸಿಕೊಳ್ಳಬೇಕಾಗುತ್ತದೆ.