ಸಿಹಿಮೂತ್ರ ರೋಗವೂ ನೆತ್ತರಿನ ಕಿರುತಟ್ಟೆಗಳೂ

ಬೆರಳಿಗೆ ಸೂಜಿ ಚುಚ್ಚಿದರೆ ನೆತ್ತರು ಒಸರುತ್ತದೆ. ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಗಾಯಕ್ಕೆ ಮೊದಲು ಧಾವಿಸಿ ಬೆಣೆಯಾಗಿ ನಿಲ್ಲುವವು ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು. ಎಲುಬಿನ ಮಜ್ಜೆಯ ದೈತ್ಯಕೋಶಗಳಿಂದ ಕಳಚಿ ಬಂದ ಚೂರುಗಳಿವು. ಇವುಗಳಿಗೆ ಕೋಶಕೇಂದ್ರವಿಲ್ಲ, ಆಯುಸ್ಸು 7ರಿಂದ 10 ದಿನ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1,50,000ದಿಂದ 4,00,000ದವರೆಗೆ ಇರುತ್ತವೆ. ಇಟಲಿಯ ಜೂಲಿಯೊ ಬಿಟ್ಸೊಜೆರೊ ಇವುಗಳ ಕಾರ್ಯವನ್ನು 1882ರಲ್ಲಿ ವಿವರಿಸಿದನು.

ಇಷ್ಟೊಂದು ಸಂಖ್ಯೆಯಲ್ಲಿರುವ ಈ ಅಂಟುಚೂರುಗಳು ಗಾಯವಿಲ್ಲದ ನಾಳದಲ್ಲಿ ಏಕೆ ಗಡ್ಡೆಗಟ್ಟುವುದಿಲ್ಲ? ಸ್ವಾರಸ್ಯವಿರುವುದು ಇಲ್ಲಿಯೇ. ರಕ್ತನಾಳದ ಒಳಮೈಗೆ ಒಂದೇ ಪದರದ ಕೋಶಗಳ ಹಾಸು ಉಂಟು. ಬಹುಕಾಲ ಅದನ್ನು ಅಂಗಿಯ ಅಸ್ತರಿನಂತೆ ನಿರ್ಲಿಪ್ತವಾದ ವಸ್ತುವೆಂದೇ ಬಗೆಯಲಾಗಿತ್ತು. 1976ರಲ್ಲಿ ಜಾನ್ ವೇನ್ ಮತ್ತು ಅವರ ಸಂಗಡಿಗರು ನಾಳದ ಗೋಡೆಯು ಪ್ರೊಸ್ಟಾಸೈಕ್ಲಿನ್ ಎಂಬ ವಸ್ತುವನ್ನು ಸ್ರವಿಸುವುದನ್ನು ಕಂಡರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಆ ಹಾಸಿನಿಂದ ಹೊರಟು ನಾಳವನ್ನು ಸಡಿಲಿಸುವ ಇನ್ನೊಂದು ವಸ್ತುವಿನ ಸುಳಿವು ಕೊಟ್ಟರು. ಅದು ನೈಟ್ರಿಕ್ ಆಕ್ಸೈಡ್ ಎಂದು ಅನಂತರ ತಿಳಿಯಿತು. ಇವೆರಡೂ ಕಿರುತಟ್ಟೆಗಳಿಗೆ ಕಡಿವಾಣಗಳು.

ಸಿಹಿಮೂತ್ರ ರೋಗದಲ್ಲಿ ಈ ಕಡಿವಾಣ ಸಡಿಲವಾಗುತ್ತದೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನಾಳದ ಹಾಸಿನಿಂದ ದೊರೆಯುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ. ಅತ್ತ ಕಿರುತಟ್ಟೆಯ ಪೊರೆಯ ಪ್ರೋಟೀನುಗಳಿಗೂ ಸಕ್ಕರೆ ಅಂಟಿಕೊಂಡು ಪೊರೆ ಬಿರುಸಾಗುತ್ತದೆ. ಇನ್ಸುಲಿನ್ ಸಹ ಕಿರುತಟ್ಟೆಗಳನ್ನು ತಕ್ಕಮಟ್ಟಿಗೆ ಶಾಂತವಾಗಿರಿಸುವ ವಸ್ತುವೇ. ದೇಹ ಅದಕ್ಕೆ ಓಗೊಡದಿದ್ದಾಗ ಆ ತಡೆಯೂ ತಪ್ಪಿತು. ಹೀಗೆ ಸಣ್ಣ ಪ್ರಚೋದನೆಗೂ ಅವು ಒಟ್ಟುಗೂಡುತ್ತವೆ. ಕೊಬ್ಬು ಮೆತ್ತಿದ ನಾಳ ಬಿರಿದಾಗ ಅಲ್ಲಿ ಕಟ್ಟುವ ಹೆಪ್ಪು ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ದಾರಿಯಾಗಬಹುದು.

ಹಾಗಾದರೆ ರೋಗಿಗಳೆಲ್ಲರೂ ಆಸ್ಪಿರಿನ್ ನುಂಗಬಹುದಲ್ಲವೆ? ಆಸ್ಪಿರಿನ್ ಒಮ್ಮೆ ತಟ್ಟಿದ ಕಿರುತಟ್ಟೆ ಸಾಯುವ ತನಕ ಚೇತರಿಸಿಕೊಳ್ಳದು. ಕೋಶಕೇಂದ್ರವಿಲ್ಲದ ಅದು ಹಾಳಾದ ಕಿಣ್ವವನ್ನು ಹೊಸದಾಗಿ ರಚಿಸಿಕೊಳ್ಳುವುದೆಂತು? ಆದರೆ ಸಿಹಿಮೂತ್ರ ರೋಗಿಗಳಲ್ಲಿ ಹೊಸ ಕಿರುತಟ್ಟೆಗಳು ಬೇಗಬೇಗನೆ ಹುಟ್ಟಿ ಬರುವುದರಿಂದ ಗುಳಿಗೆಯ ಪ್ರಭಾವವೂ ಬೇಗ ತಗ್ಗಬಹುದು. ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಅಸೆಂಡ್’ ಪರೀಕ್ಷೆಯಲ್ಲಿ, ಹೃದಯ ಮತ್ತು ರಕ್ತನಾಳಗಳ ರೋಗ ಕಾಣಿಸಿಕೊಳ್ಳದಿದ್ದ 15,480 ಸಿಹಿಮೂತ್ರ ರೋಗಿಗಳನ್ನು ಸರಾಸರಿ 7.4 ವರ್ಷ ಗಮನಿಸಿದರು. ನಾಳಗಳಿಗೆ ಸಂಬಂಧಿಸಿದ ಗಂಭೀರ ಆಘಾತಗಳು ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಶೇಕಡಾ 8.5, ಹುಸಿಗುಳಿಗೆ ಪಡೆದವರಲ್ಲಿ 9.6. ತೀವ್ರ ರಕ್ತಸ್ರಾವವಾದರೋ ಕ್ರಮವಾಗಿ 4.1 ಮತ್ತು 3.2. ಗಳಿಸಿದ್ದನ್ನು ಬಹುಮಟ್ಟಿಗೆ ಅಲ್ಲಿಯೇ ತೆತ್ತಂತಾಯಿತು. ಈಗಾಗಲೇ ಹೃದಯಾಘಾತವಾದವರ ಲೆಕ್ಕ ಬೇರೆ. ಅವರಲ್ಲಿ ಲಾಭವೇ ಮಿಗಿಲೆಂದು ವೈದ್ಯರು ಸಾಮಾನ್ಯವಾಗಿ ಆಸ್ಪಿರಿನ್ ಕೊಡುತ್ತಾರೆ.